ಕಾಡಿಗೆ ಬರುವ ಅತಿಥಿಯ ಋಣ



ನಮ್ಮ ಹಳ್ಳಿಗಳಲ್ಲಿ ಯಾವನಾದರೂ ಅತಿಥಿಯಾಗಿ ಮನೆಗೆ ಬಂದರೆ ಮೊದಲು ಕಾಲಿಗೆ ನೀರನ್ನೂ ಆ ಮೇಲೆ ಕುಡಿಯುವದಕ್ಕೆ ನೀರನ್ನೂ ಒಂದು ತುಂಡು ಬೆಲ್ಲವನ್ನೂ ಕೊಡುವದು ಹಿಂದಿನಿಂದ ಬಂದ ವಾಡಿಕೆ. ಬಂದವನಿಗೂ ಒಂದು ವಾಡಿಕೆಯುಂಟು. ಅವನು ಚಾಪೆಯ ಮೇಲೆ ಕೂತು ಬೆವರು ಒರಸಿಕೊಳ್ಳುತ್ತಲೇ, “ಮನೆಯವರೆಲ್ಲರೂ ಕ್ಷೇಮವೋ? ಅಜ್ಜಿ ಹೇಗಿದ್ದಾರೆ? ಈ ಸಾರಿ ಮಳೆ ಬೆಳೆ ಹೇಗೆ?” ಎಂದು ಕೇಳುತ್ತಾನೆ. ಇದನ್ನು ಕೇಳದೆ ನೆಟ್ಟಗೆ ಅಡಿಗೆಮನೆಯ ಕಡೆಗೆ ನೋಡಿ, “ಊಟಕ್ಕೆ ಏನು ಮಾಡಿದ್ದೀರಿ?” ಅನ್ನುವವನನ್ನು ನಾವು ಹೊರಗೆ ಹಾಕುವದಿಲ್ಲ, ಆದರೆ ಅವನು ಹೋದ ಮೇಲೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ಅವನು ಕದ್ದವನಲ್ಲ, ಬೈದವನಲ್ಲ, ಕೊಡತಕ್ಕದ್ದನ್ನು ಕೊಡದೆ ಹೋದವನೂ ಅಲ್ಲ. ಆದರೂ ಅವನಲ್ಲಿ ಏನೋ ಕೊರತೆಯುಂಟೆಂದು ಎಲ್ಲರಿಗೂ ತೋರುತ್ತದೆ. ಆ ಕೊರತೆ ಯಾವದು? ಈ ಪ್ರಶ್ನೆಯನ್ನು ನಾವು ಈ ತಿಂಗಳು ಒಂದು ಮನೆಯ ವಿಷಯದಲ್ಲಲ್ಲ, ಒಂದು ಕಾಡುಸೀಮೆಯ ವಿಷಯದಲ್ಲಿ ವಿಚಾರಿಸೋಣ.

ಉತ್ತರ ಕನ್ನಡ ಜಿಲ್ಲೆಯ ಭೂಮಿಯನ್ನು ನೂರು ಪಾಲು ಮಾಡಿದರೆ ಅದರಲ್ಲಿ ಸುಮಾರು 80 ಪಾಲು ಅರಣ್ಯವೇ. ಆ ಜಿಲ್ಲೆಯ ಉತ್ತರ ಭಾಗದಲ್ಲಿ, ಗೋವೆಯ ಗಡಿಗೆ ತಾಗಿಕೊಂಡು ಜೋಯಿಡಾ ತಾಲೂಕೂ ಅದರ ಮೂಡಲಿಗೆ ದಾಂಡೇಲಿಯೂ ಇವೆ. ಕಾಳಿ ನದಿಯು ಜೋಯಿಡಾ ತಾಲೂಕಿನ ಡಿಗ್ಗಿ ಎಂಬ ಊರಿನ ಹತ್ತಿರ ಹುಟ್ಟಿ, ಈ ಕಾಡುಗಳ ನಡುವೆ ಸುಮಾರು 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ. ಇಲ್ಲಿ ಹುಲಿಯೂ ಕರೀ ಚಿರತೆಯೂ ಆನೆಯೂ ಕಾಟಿಯೂ ಉಂಟು. ಮಂಗಟ್ಟೆ ಹಕ್ಕಿಯ ನಾಲ್ಕು ಜಾತಿಗಳುಂಟು. 1956ರಲ್ಲಿ ದಾಂಡೇಲಿಯಲ್ಲಿ ವನ್ಯಜೀವಿಗಳ ಧಾಮವೂ 1987ರಲ್ಲಿ ಅಣಶಿಯಲ್ಲಿ ರಾಷ್ಟ್ರೀಯ ಉದ್ಯಾನವೂ ಆದವು. 2007ರಲ್ಲಿ ಇವೆರಡನ್ನೂ ಕೂಡಿಸಿ ಹುಲಿಗಳ ರಕ್ಷಿತ ಪ್ರದೇಶವೆಂದು ಸಾರಿದರು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಕೊಟ್ಟರು. ವಾರದ ಕೊನೆಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಪುಣೆ ಮೊದಲಾದ ಪಟ್ಟಣಗಳಿಂದ ಜನರು ಇಲ್ಲಿಗೆ ಬಂದು, ಕಾಡಿನ ಬಿಡಾರಗಳಲ್ಲಿ ಇಳುಕೊಂಡು, ಬೆಳಿಗ್ಗೆ ಹಕ್ಕಿಗಳನ್ನು ನೋಡಿ, ಗಣೇಶಗುಡಿಯಲ್ಲಿ ರಬ್ಬರಿನ ತೆಪ್ಪಗಳನ್ನು ಹತ್ತಿ ನದಿಯ ನೊರೆಯಲ್ಲಿ ಕುಣಿಯುತ್ತಾ ಹೋಗುವರು.

ಹೀಗೆ ಸಂತೋಷಪಡುವದು ತಪ್ಪೋ? ತಪ್ಪೆಂದು ನಾವು ಹೇಳುವದಿಲ್ಲ. ಆಟವೆಲ್ಲವೂ ಸೋಮಾರಿತನವೆಂದೂ, ದುಡ್ಡುಳ್ಳವರ ಸೊಕ್ಕೆಂದೂ ನಮ್ಮ ಹಳ್ಳಿಗಳಲ್ಲಿ ಕೆಲವರು ಅನ್ನುವದುಂಟು. ಆದರೆ ಆರು ದಿನ ಕಿಟಕಿಯಿಲ್ಲದ ಕೋಣೆಯಲ್ಲಿ ದೀಪದ ಕೆಳಗೆ ಲೆಕ್ಕ ಬರೆದವನು ಏಳನೆಯ ದಿನ ಮರದ ನೆರಳಿನಲ್ಲಿ ಕೂರಬೇಕೆಂದು ಬಯಸಿದರೆ ಅದರಲ್ಲಿ ಸೊಕ್ಕು ಎಲ್ಲಿಯದು? ಎತ್ತಿಗೂ ನೊಗ ಬಿಚ್ಚುವ ಹೊತ್ತುಂಟು. ಮರವನ್ನು ಕಂಡು ಉಲ್ಲಾಸಪಡುವ ಮನಸ್ಸು ಮರವನ್ನು ಕಂಡು ಸೌದೆಯ ಲೆಕ್ಕ ಹಾಕುವ ಮನಸ್ಸಿಗಿಂತ ಕೀಳಾದದ್ದಲ್ಲ. ಆದಕಾರಣ ನಮ್ಮ ಪ್ರಶ್ನೆಯು ವಿಶ್ರಾಂತಿಯ ವಿಷಯವಾದದ್ದಲ್ಲ. ಬಂದವನು ಆ ಸ್ಥಳವನ್ನು ಏನೆಂದು ಎಣಿಸಿ ಅಲ್ಲಿ ವಿಶ್ರಮಿಸುತ್ತಾನೆ ಎಂಬದೇ ನಮ್ಮ ಪ್ರಶ್ನೆ.

ಆ ಕಡೆಯಿಂದ ಹಿಂತಿರುಗಿದವರನ್ನು ಕೇಳಿದರೆ ಹೆಚ್ಚಾಗಿ ಒಂದೇ ಮಾತು ಬರುತ್ತದೆ: “ಅಲ್ಲಿ ಯಾರೂ ಇಲ್ಲ. ಮನುಷ್ಯನ ಕೈ ಮುಟ್ಟದ ಕಾಡು. ನದಿಯು ತನ್ನಿಷ್ಟದಂತೆ ಹರಿಯುತ್ತದೆ.” ಈ ಮೂರು ಮಾತುಗಳಲ್ಲಿ ಒಂದಾದರೂ ನಿಜವಲ್ಲ. ಒಂದೊಂದನ್ನಾಗಿ ನೋಡೋಣ.

ಮೊದಲು ನದಿ. ಗಣೇಶಗುಡಿಯ ಹತ್ತಿರ ಸೂಪಾ ಆಣೆಕಟ್ಟು ಇದೆ. 1970ರ ದಶಕದಲ್ಲಿ ಅದರ ಕೆಲಸ ಮೊದಲಾಗಿ 1987ರಲ್ಲಿ ಮುಗಿಯಿತು. ಅದರ ಎತ್ತರ 101 ಮೀಟರು. ಅದರ ಹಿಂದೆ ನಿಲ್ಲುವ ನೀರು ಸುಮಾರು 147 ಟಿ.ಎಂ.ಸಿ. ಮಳೆಗಾಲದ ನೀರನ್ನು ಅಲ್ಲಿ ಕೂಡಿಟ್ಟು, ವರ್ಷವೆಲ್ಲಾ ಬೇಕಾದಷ್ಟು ಬೇಕಾದಾಗ ಬಿಟ್ಟು, ಆಣೆಯ ಬುಡದಲ್ಲಿಯೂ ಮುಂದೆ ನಾಗಝರಿಯಲ್ಲಿಯೂ ಚಕ್ರಗಳನ್ನು ತಿರುಗಿಸಿ ವಿದ್ಯುಚ್ಛಕ್ತಿಯನ್ನು ಹುಟ್ಟಿಸುತ್ತಾರೆ. ಬೇಸಿಗೆಯಲ್ಲಿ ಮಿಕ್ಕ ಹೊಳೆಗಳು ಬತ್ತಿ ಕಲ್ಲು ಕಾಣುವಾಗಲೂ ಇಲ್ಲಿ ತೆಪ್ಪಗಳು ತೇಲುವದು ಇದರಿಂದಲೇ. ಆಣೆಯಿಂದ ನೀರು ಬಿಟ್ಟ ಹೊತ್ತಿನಲ್ಲಿ ತೆಪ್ಪವು ನಡೆಯುತ್ತದೆ, ಬಿಡದಿದ್ದರೆ ನಡೆಯುವದಿಲ್ಲ. ಹೀಗಿರಲಾಗಿ ತನ್ನಿಷ್ಟದಂತೆ ಹರಿಯುವ ನದಿಯೆಂದು ಅತಿಥಿಯು ಯಾವದನ್ನು ಕಂಡು ಕೇಕೆ ಹಾಕುತ್ತಾನೋ ಅದು ಉಗ್ರಾಣದಿಂದ ಅಳೆದು ಕೊಟ್ಟ ನೀರು.

ಆ ಉಗ್ರಾಣದ ನೆಲ ಯಾರದು? ಈಗ ಜೋಯಿಡಾ ಅನ್ನುವ ತಾಲೂಕಿಗೆ ಹಿಂದೆ ಸೂಪಾ ಎಂದೇ ಹೆಸರಿತ್ತು. ಕಾಳಿಯೂ ಪಾಂಡರಿಯೂ ಕೂಡುವ ಸ್ಥಳದಲ್ಲಿದ್ದ ಸೂಪಾ ಎಂಬ ಊರೇ ಅದಕ್ಕೆ ಮುಖ್ಯಸ್ಥಳ. ಅಲ್ಲಿ ಕಚೇರಿಯೂ ಪೇಟೆಯೂ ಮನೆಗಳೂ ಗುಡಿಗಳೂ ಇದ್ದವು. ಆಣೆಯ ಹಿಂದೆ ನೀರು ಏರಿದಾಗ ಆ ಊರೂ ಅದರ ಸುತ್ತಣ ಹಳ್ಳಿಗಳೂ ಮುಳುಗಿದವು. ಒಕ್ಕಲುಗಳನ್ನು ಎಬ್ಬಿಸಿ ರಾಮನಗರ ಮೊದಲಾದ ಕಡೆಗಳಲ್ಲಿ ನೆಲೆಗೊಳಿಸಿದರು. ಒಂದಾನೊಂದು ದಿನ ನಾವು ಆ ಜಲಾಶಯದ ದಡದಲ್ಲಿ ನಿಂತಿರಲಾಗಿ, ಪಟ್ಟಣದಿಂದ ಬಂದ ಕೆಲವು ಹುಡುಗರು ಅಲ್ಲಿ ಕೂತಿದ್ದ ಒಬ್ಬ ಮುದುಕನನ್ನು, “ಅಜ್ಜಾ, ನಿಮ್ಮೂರು ಯಾವದು?” ಎಂದು ಕೇಳಿದರು. ಅವನು ಮಾತಾಡದೆ ನೀರಿನ ಕಡೆಗೆ ಕೈ ತೋರಿಸಿದನು. ಹುಡುಗರು ಅವನು ಆಚೇ ದಡದವನೆಂದು ತಿಳಿದು, “ಓ, ದೋಣಿಯಲ್ಲಿ ಬಂದಿರೋ?” ಎಂದು ನಕ್ಕು ಮುಂದಕ್ಕೆ ಹೋದರು. ಅವರು ಕೆಟ್ಟ ಹುಡುಗರಾಗಿರಲಿಲ್ಲ. ಅಜ್ಜಾ ಎಂದು ಮರ್ಯಾದೆಯಿಂದಲೇ ಕರೆದಿದ್ದರು. ಆದರೆ ಅವರು ಇನ್ನೊಂದು ಮಾತನ್ನು ಕೇಳಲಿಲ್ಲ. ಆ ಇನ್ನೊಂದು ಮಾತಿನ ನಿಮಿತ್ತವೇ ನಾವು ಇದನ್ನು ಬರೆಯುತ್ತಿದ್ದೇವೆ.

ಎರಡನೆಯದಾಗಿ, ಮನುಷ್ಯನ ಕೈ ಮುಟ್ಟದ ಕಾಡು ಎಂಬ ಮಾತು. ಕುಣಬಿಗಳೆಂಬ ಒಕ್ಕಲು ಜನರು ತಲೆತಲಾಂತರದಿಂದ ಈ ಬೆಟ್ಟಗಳಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದರು. ಅಂದರೆ ಒಂದು ತುಂಡು ಕಾಡನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯವನ್ನು ಬಿತ್ತಿ, ಒಂದೆರಡು ವರ್ಷಗಳಾದ ಮೇಲೆ ಅದನ್ನು ತಿರಿಗಿ ಕಾಡಾಗಲು ಬಿಟ್ಟು ಬೇರೆ ಕಡೆಗೆ ಹೋಗುತ್ತಿದ್ದರು. 19ನೆಯ ಶತಮಾನದಲ್ಲಿ ಹಡಗುಗಳಿಗೂ ರೈಲುದಾರಿಗಳಿಗೂ ತೇಗದ ಮರವು ಬೇಕಾಗಿ ಬರಲು, ಇಂಗ್ಲಿಷ್ ಸರಕಾರವು 1860ರ ಸುಮಾರಿನಿಂದ ಕುಮರಿಯನ್ನು ತಡೆಯತೊಡಗಿತು. ಕಾಡುಗಳನ್ನು ಸರಕಾರದ ಅರಣ್ಯಗಳೆಂದು ಗೊತ್ತುಮಾಡಿ, ಅನೇಕ ಕಡೆಗಳಲ್ಲಿ ತೇಗವನ್ನೇ ಸಾಲುಸಾಲಾಗಿ ನೆಡಿಸಿತು. ಸ್ವಾತಂತ್ರ್ಯ ಬಂದ ಮೇಲೆ, 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಈ ಕಾಡುಗಳ ಬಿದಿರನ್ನು ಕೊಟ್ಟರು. ಬುಟ್ಟಿ ಹೆಣೆಯುವ ಮೇದಾರನು ಸಂತೆಯಲ್ಲಿ ಕೊಡುತ್ತಿದ್ದ ಬೆಲೆಗಿಂತ ಬಹಳ ಕಡಿಮೆ ಬೆಲೆಗೆ ಅದು ಕಾರ್ಖಾನೆಗೆ ಸಿಕ್ಕುತ್ತಿತ್ತು. ಕೆಲವು ಕಾಲದಲ್ಲಿಯೇ ಬಿದಿರು ಕ್ಷೀಣವಾಗಿ ದೂರದೇಶಗಳಿಂದ ತರಬೇಕಾಯಿತು. ಹೀಗೆ ಈ ಕಾಡಿನ ಒಂದೊಂದು ಇಳಿಜಾರಿನಲ್ಲಿಯೂ ಕೊಡಲಿಯ ಕಥೆಯೂ ಕಾನೂನಿನ ಕಥೆಯೂ ಇದೆ. ಅದನ್ನು ಓದಲರಿಯದವನಿಗೆ ಮಾತ್ರ ಅದು ಬರೆಯದ ಹಾಳೆಯಂತೆ ಕಾಣುವದು.

ಮೂರನೆಯದಾಗಿ, ಅಲ್ಲಿ ಯಾರೂ ಇಲ್ಲವೆಂಬ ಮಾತು. ಕುಣಬಿಗಳು ಈಗಲೂ ಇದ್ದಾರೆ. ತಮ್ಮ ಹಿತ್ತಲುಗಳಲ್ಲಿ ಅವರು ಬೆಳೆಸಿ ಕಾದುಕೊಂಡು ಬಂದ ಗೆಡ್ಡೆಗೆಣಸುಗಳ ಜಾತಿಗಳು ಅನೇಕ. ಅವುಗಳಿಗಾಗಿಯೇ ಜೋಯಿಡಾದಲ್ಲಿ ಮೇಳ ನಡೆಯುತ್ತದೆ. ಎಮ್ಮೆಗಳನ್ನು ಸಾಕಿ ಹಾಲು ಮಾರಿ ಜೀವಿಸುವ ಗೌಳಿಗರಿದ್ದಾರೆ. ಪೂರ್ವ ಆಫ್ರಿಕದಿಂದ ಪೋರ್ಚುಗೀಸರೇ ಮೊದಲಾದವರು ದಾಸರನ್ನಾಗಿ ಗೋವೆಗೆ ತಂದ ಜನರಲ್ಲಿ ಕೆಲವರು ತಪ್ಪಿಸಿಕೊಂಡು ಈ ಘಟ್ಟದ ಕಾಡುಗಳಲ್ಲಿ ಆಶ್ರಯ ಹುಡುಕಿದರು. ಅವರ ಸಂತತಿಯವರೇ ಸಿದ್ದಿಗಳು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ವಾಚಕರೇ, ಸಂಕೋಲೆಯನ್ನು ಬಿಟ್ಟು ಓಡಿದವನಿಗೆ ಇದೇ ಕಾಡು ಮನೆಯಾಯಿತು. ಅವನು ಅದನ್ನು ನೋಡುವದಕ್ಕೆ ಬರಲಿಲ್ಲ, ಬದುಕುವದಕ್ಕೆ ಬಂದನು. ಅವನ ಮೊಮ್ಮಗನ ಅಂಗಳದ ಮುಂದೆ ಗಾಡಿಯನ್ನು ನಿಲ್ಲಿಸಿ, “ಇಲ್ಲಿ ಯಾರೂ ಇಲ್ಲ” ಎಂದು ಹೇಳುವದು ಎಂಥ ಕುರುಡುತನ!

ಹುಲಿಯ ನಿಮಿತ್ತ ಗೊತ್ತುಮಾಡಿದ ಕಟ್ಟಳೆಗಳೂ ಈ ಜನರ ಮೇಲೆಯೇ ಮೊದಲು ಬೀಳುತ್ತವೆ. ಒಳಗಿನ ಊರುಗಳಿಂದ ತಾವಾಗಿ ಹೊರಗೆ ಹೋಗಲು ಒಪ್ಪುವ ಕುಟುಂಬಕ್ಕೆ 2008ರಲ್ಲಿ 10 ಲಕ್ಷ ರೂಪಾಯಿಗಳೆಂದು ಗೊತ್ತಾಗಿ, 2021ರಲ್ಲಿ ಅದು 15 ಲಕ್ಷವಾಯಿತು. ಹಲವರು ಒಪ್ಪಿ ಹೋಗಿದ್ದಾರೆ. ಮಳೆಗಾಲದಲ್ಲಿ ಹೊಳೆ ದಾಟಲಾರದೆ, ಬಸುರಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ನಡೆಯಬೇಕಾದ ಊರಿನವನು ಮಕ್ಕಳ ಶಾಲೆಗಾಗಿ ಹೊರಗೆ ಹೋಗಬಯಸಿದರೆ ಅವನನ್ನು ಯಾರು ತಪ್ಪೆಂದಾರು? ಆದರೆ ದಾರಿಯೂ ದೀಪವೂ ಇಲ್ಲದ ಕಡೆಯಲ್ಲಿ “ಇರುವೆಯೋ, ಹೋಗುವೆಯೋ?” ಎಂದು ಕೇಳುವದು ಪೂರ್ಣವಾದ ಸ್ವಾತಂತ್ರ್ಯವೋ ಎಂದು ನಾವು ನಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳತಕ್ಕದ್ದು. ಹುಲಿಯ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು: ಅದಕ್ಕೆ ಹೋಗಲು ಬೇರೆ ಊರಿಲ್ಲ, ತನ್ನ ಅಹವಾಲನ್ನು ಹೇಳಿಕೊಳ್ಳಲು ಬಾಯಿಲ್ಲ. ಈ ಎರಡು ನ್ಯಾಯಗಳ ನಡುವೆ ತೀರ್ಪು ಸುಲಭವಲ್ಲ. ಒಂದು ಮಾತ್ರ ಸ್ಪಷ್ಟ: ಅತಿಥಿಯು ಅನುಭವಿಸುವ ನಿಶ್ಶಬ್ದಕ್ಕೆ ಬೆಲೆ ಕೊಟ್ಟವರುಂಟು, ಅವರು ಅತಿಥಿಗಳಲ್ಲ.

ಇಲ್ಲಿ ಒಬ್ಬನು ಎದ್ದು ಹೀಗೆ ಹೇಳಬಹುದು: “ಆಣೆಯನ್ನು ಕಟ್ಟಿದವನು ನಾನಲ್ಲ, ಕುಮರಿಯನ್ನು ನಿಲ್ಲಿಸಿದವನು ನಾನಲ್ಲ, ಬಿದಿರನ್ನು ಮಾರಿದವನೂ ನಾನಲ್ಲ. ಹಿಂದಿನವರ ಕೆಲಸಕ್ಕೆ ನನ್ನನ್ನು ಯಾಕೆ ಅಪರಾಧಿ ಮಾಡುತ್ತೀರಿ?” ಇದು ನ್ಯಾಯವಾದ ಮಾತು. ಇದಕ್ಕೆ ಉತ್ತರ ಕೊಡಬೇಕಾದರೆ ಅಪರಾಧವೆಂದರೇನು, ಋಣವೆಂದರೇನು ಎಂಬ ಭೇದವನ್ನು ತಿಳಿಯಬೇಕು. ಒಬ್ಬನಿಗೆ ತಂದೆಯಿಂದ ಒಂದು ಗದ್ದೆ ಬಂತು. ಬಹುಕಾಲದ ಮೇಲೆ, ಆ ಗದ್ದೆಯ ಮೊದಲಿನ ಯಜಮಾನನು ರಾತ್ರಿಯಲ್ಲಿ ಗಡಿಕಲ್ಲನ್ನು ನೆರೆಯವನ ಕಡೆಗೆ ಸರಿಸಿದ್ದನೆಂದು ಅವನಿಗೆ ತಿಳಿಯಿತು. ಕಲ್ಲನ್ನು ಸರಿಸಿದ ಅಪರಾಧವು ಇವನದಲ್ಲ. ಆದರೆ ತಿಳಿದ ಮೇಲೆಯೂ ಆ ತುಂಡಿನ ಭತ್ತವನ್ನು ನೆರೆಯವನ ಮುಖ ನೋಡದೆ ಕಣಜಕ್ಕೆ ತುಂಬಿಸಿದರೆ ಅದು ಇವನದೇ. ಅಪರಾಧವು ಮಾಡಿದವನನ್ನು ಹಿಡಿಯುತ್ತದೆ. ಋಣವು ಅನುಭವಿಸುವವನನ್ನು ಹಿಡಿಯುತ್ತದೆ. ನಮಗೆ ಗೊತ್ತಿರಲಿಲ್ಲವೆಂದು ಹೇಳುವದು ಕೇಳುವದಕ್ಕೆ ದಾರಿಯಿಲ್ಲದವನಿಗೆ ನೆವವಾಗಬಹುದು. ಕೇಳಬಹುದಾಗಿದ್ದರೂ ಕೇಳದೆ ಹೋದವನಿಗೆ ಆಗಲಾರದು. ನಾವು ಮೊದಲು ಹೇಳಿದ ಅತಿಥಿಯ ಕೊರತೆ ಇದೇ. ಅವನು ಉಣ್ಣುವದರಲ್ಲಿ ತಪ್ಪಿಲ್ಲ. ಯಾರ ಅಕ್ಕಿಯನ್ನು ಉಣ್ಣುತ್ತೇನೆಂದು ಕೇಳದೆ ಇರುವದರಲ್ಲಿ ತಪ್ಪಿದೆ.

ಪಟ್ಟಣದವರ ಮೇಲೆ ಇಷ್ಟು ಮಾತಾಡಿ ನಾವು ಎದೆಯುಬ್ಬಿಸಿಕೊಳ್ಳುವದು ಬೇಡ. ತೆಪ್ಪವನ್ನು ಹತ್ತದಿದ್ದರೂ ಕಾಳಿಯ ನೀರಿನಲ್ಲಿ ನಮಗೂ ಪಾಲುಂಟು. ಸಾಯಂಕಾಲ ನಮ್ಮ ಮನೆಗಳಲ್ಲಿ ಗುಂಡಿಯೊತ್ತಿದಾಕ್ಷಣ ಹತ್ತುವ ದೀಪದಲ್ಲಿ ಆ ನದಿಯ ಶಕ್ತಿಯೂ ಬೆರೆತು ಬರುತ್ತದೆ. ನಮ್ಮ ಮಕ್ಕಳು ಬರೆಯುವ ಪುಸ್ತಕದ ಹಾಳೆಯೂ, ನೀವು ಈಗ ಕೈಯಲ್ಲಿ ಹಿಡಿದಿರುವ ಈ ಹಾಳೆಯೂ, ಯಾವದೋ ಒಂದು ನೆಲದಲ್ಲಿ ನಿಂತಿದ್ದ ಮರದಿಂದಲೋ ಬಿದಿರಿನಿಂದಲೋ ಆದದ್ದು. ಹೀಗಿರಲಾಗಿ ಸಾಲಗಾರರ ಪಟ್ಟಿಯಲ್ಲಿ ಪಟ್ಟಣದವನ ಹೆಸರು ಮೇಲೆ ಇರಬಹುದು, ನಮ್ಮ ಹೆಸರು ಕೆಳಗೆ ಇರಬಹುದು. ಆದರೆ ಪಟ್ಟಿ ಒಂದೇ.

ಇನ್ನೊಬ್ಬನು ಹೀಗನ್ನಬಹುದು: “ನಾವು ಬಂದು ದುಡ್ಡು ಕೊಡುವದರಿಂದಲೇ ಆ ಜನರು ಉಣ್ಣುತ್ತಾರೆ. ತೆಪ್ಪ ನಡಿಸುವವರು, ಅಡಿಗೆ ಮಾಡುವವರು, ಕಾಡು ತೋರಿಸುವವರು ಎಲ್ಲರಿಗೂ ಕೂಲಿ ಸಿಕ್ಕುತ್ತದೆ. ಇನ್ನೇನು ಋಣ?” ಕೂಲಿ ಸಿಕ್ಕುವದು ನಿಜ, ಅದು ಒಳ್ಳೇದೇ. ಆದರೆ ಹೊಳೆಯಲ್ಲಿ ಮುಳುಗುತ್ತಿದ್ದ ನಿಮ್ಮ ತಂದೆಯನ್ನು ನೆರೆಯವನು ದಡಕ್ಕೆ ಎಳೆದು ಹಾಕಿದನೆಂದು ಎಣಿಸಿರಿ. ಮರುದಿನ ಅವನು ನಿಮ್ಮ ಹೊಲವನ್ನು ಉತ್ತರೆ ನೀವು ಅವನಿಗೆ ಕೂಲಿ ಕೊಡುವಿರಿ. ಆ ಕೂಲಿಯು ಉತ್ತದ್ದಕ್ಕೆ ಸಲ್ಲುವದೇ ಹೊರತು ಹೊಳೆಯ ಲೆಕ್ಕಕ್ಕೆ ಸಲ್ಲುವದುಂಟೋ? ಇಂದಿನ ಕೆಲಸಕ್ಕೆ ಇಂದಿನ ಕೂಲಿ. ನಿನ್ನೆ ಬಿಟ್ಟುಕೊಟ್ಟ ನೆಲದ ಲೆಕ್ಕವು ಬೇರೆ ಪುಸ್ತಕದಲ್ಲಿ ಬರೆಯಲ್ಪಟ್ಟಿದೆ.

“ಹೀಗೆ ಎಲ್ಲದರ ಹಿಂದಿನ ಕಥೆಯನ್ನು ಕೇಳುತ್ತಾ ಹೋದರೆ ಲೋಕದಲ್ಲಿ ಯಾವ ಸಂತೋಷವೂ ಉಳಿಯುವದಿಲ್ಲ” ಎಂದು ಮೂರನೆಯವನು ಹೇಳಾನು. ಇದಕ್ಕೆ ನಮ್ಮ ಮನೆಗಳೇ ಉತ್ತರ ಕೊಡುತ್ತವೆ. ಅಜ್ಜಿಯ ಕ್ಷೇಮವನ್ನು ಕೇಳಿದ ಅತಿಥಿಯು ಕೇಳದವನಿಗಿಂತ ಕಡಿಮೆ ಉಣ್ಣುವನೋ? ಇಲ್ಲ, ಅವನಿಗೆ ಇನ್ನೂ ಎರಡು ತುತ್ತು ಹೆಚ್ಚಾಗಿ ಬಡಿಸುವರು. ಅಜ್ಜಿ ಕಾಯಿಲೆಯಲ್ಲಿದ್ದಾಳೆಂದು ಕೇಳಿ ಅವನು ಧ್ವನಿಯನ್ನು ತಗ್ಗಿಸುವನು. ಆದರೆ ಊಟವನ್ನು ಬಿಟ್ಟು ಏಳುವದಿಲ್ಲ. ಋಣವನ್ನು ಅರಿತ ಸಂತೋಷವು ಕುಗ್ಗಿದ ಸಂತೋಷವಲ್ಲ, ಮರ್ಯಾದೆಯುಳ್ಳ ಸಂತೋಷ.

ಹಾಗಾದರೆ ಈ ಋಣವನ್ನು ಸಲ್ಲಿಸುವದು ಹೇಗೆ? ಮುಳುಗಿದ ಊರನ್ನು ಯಾರೂ ಮೇಲಕ್ಕೆ ತರಲಾರರು. ಆದರೆ ಅದರ ಹೆಸರನ್ನು ಹೇಳಬಹುದು. ಊರನ್ನು ಬಿಟ್ಟವರಿಗೆ ನಾವು ಕೊಡತಕ್ಕ ಮೊದಲನೆಯದು ನೆನಪು. ಅಲ್ಲಿ ಇನ್ನೂ ಇರುವವರಿಗೆ ನ್ಯಾಯವಾದ ಬೆಲೆಯನ್ನೂ ಮರ್ಯಾದೆಯನ್ನೂ ಕೊಡತಕ್ಕದ್ದು. ಅವರ ಹಾಡನ್ನೂ ಉಡಿಗೆಯನ್ನೂ ಜಾತ್ರೆಯ ಬೊಂಬೆಗಳನ್ನು ನೋಡುವ ಹಾಗೆ ನೋಡತಕ್ಕದ್ದಲ್ಲ. 2006ರ ಅರಣ್ಯ ಹಕ್ಕುಗಳ ಕಾನೂನು ಕಾಡಿನಲ್ಲಿ ಬದುಕುವವರಿಗೆ ಹಕ್ಕುಂಟೆಂದು ಒಪ್ಪಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ವಾಸವನ್ನು ರುಜುಪಡಿಸಬೇಕು. ಹಿರಿಯರ ಬಾಯಿಮಾತನ್ನೂ ಸಾಕ್ಷಿಯಾಗಿ ತಕ್ಕೊಳ್ಳಬಹುದೆಂದು ನಿಯಮವುಂಟು. ಆದದರಿಂದ ಒಬ್ಬ ಮುದುಕನ ನೆನಪನ್ನು ಕೇಳಿ ಬರೆದಿಡುವದು ಕಾಲಕಳೆಯುವ ಕೆಲಸವಲ್ಲ. ಅದು ಅವನ ಮೊಮ್ಮಕ್ಕಳ ನೆಲವನ್ನು ಉಳಿಸಬಹುದು.

ಮೃಗಪಕ್ಷಿಗಳಿಗೆ ಕೊಡತಕ್ಕದ್ದು ಮೌನ. ಮಂಗಟ್ಟೆ ಹಕ್ಕಿಯ ಸಂಸಾರವನ್ನು ಕೇಳಿರಿ. ಹೆಣ್ಣು ಹಳೇ ಮರದ ಪೊಟರೆಯೊಳಗೆ ಹೊಕ್ಕು, ಬಾಯನ್ನು ಹಿಕ್ಕೆ ಮೊದಲಾದವುಗಳಿಂದ ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟು, ಮೊಟ್ಟೆಯಿಟ್ಟು ಕೂತಿರುತ್ತದೆ. ವಾರಗಟ್ಟಲೆ ಗಂಡೇ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಮರದ ಕೆಳಗೆ ಪಾಟೆಯನ್ನೂ ಪಾತ್ರೆಯನ್ನೂ ಹರಡಿ ಹಾಡು ಹಚ್ಚಿ ಕುಣಿಯುವವರಿಗೆ ಹೆದರಿ ಗಂಡು ಹತ್ತಿರ ಬಾರದೆ ಹೋದರೆ ಒಳಗಿರುವವುಗಳ ಗತಿಯೇನು? ಮೇಲಿನ ಮನೆಯಲ್ಲಿ ಬಾಣಂತಿ ಇದ್ದಾಳೆಂದು ತಿಳಿದರೆ ನಾವು ಅಂಗಳದಲ್ಲಿ ಡೋಲು ಬಡಿಯುವೆವೋ? 2011ರಲ್ಲಿ ದಾಂಡೇಲಿಯ ಸುತ್ತಲೂ ಈ ಹಕ್ಕಿಗಳಿಗಾಗಿ ಕಾಡನ್ನು ಗೊತ್ತುಮಾಡಿದ್ದಾರೆ. ಆದರೆ ಬಂದವನ ಬಾಯಿಗೆ ಬೀಗ ಹಾಕುವ ಅಧಿಕಾರವು ಅವನ ಸ್ವಂತ ಮನಸ್ಸಿಗೆ ಮಾತ್ರ ಉಂಟು.

ಅತಿಥಿಗೆ ಧರ್ಮವಿರುವ ಹಾಗೆ ಮನೆಯವನಿಗೂ ಧರ್ಮವುಂಟು. ನಮ್ಮ ವಾಚಕರಲ್ಲಿ ಕೆಲವರು ಕಾಡಿನ ಅಂಚಿನಲ್ಲಿ ಮನೆಯುಳ್ಳವರು. ಬಂದವರಿಗೆ ಕೋಣೆ ಕೊಡುವವರು, ದಾರಿ ತೋರಿಸುವವರು. ಅಂಥವರಿಗೆ ನಮ್ಮ ಬಿನ್ನಹವೇನಂದರೆ: ಗಿರಾಕಿ ಮೆಚ್ಚುವನೆಂದು “ಇಲ್ಲಿ ಯಾರೂ ಇಲ್ಲ, ಇದು ಮುಟ್ಟದ ಕಾಡು” ಎಂದು ಹೇಳಬೇಡಿರಿ. ಹಾಗೆ ಹೇಳುವವನು ತನ್ನ ತಾಯಿ ತಂದೆಗಳನ್ನೇ ಇಲ್ಲವೆಂದ ಹಾಗಾಗುವದು. ಬಂದವನ ಕೈಯಲ್ಲಿ ಕಾಡಿನ ಗೆಣಸಿನ ಪಲ್ಯವನ್ನು ಕೊಡುವಾಗ, ಅದನ್ನು ಯಾರು ಬೆಳೆದರೆಂದು ಹೇಳಿರಿ. ನೀರನ್ನು ತೋರಿಸುವಾಗ ನೀರಿನ ಕೆಳಗೆ ಏನಿದೆಯೆಂದು ಹೇಳಿರಿ. ಅವನು ಬೇಸರಪಡುವನೆಂದು ಹೆದರಬೇಡಿರಿ. ಕೇಳದೆ ಇರುವವರಲ್ಲಿ ಬಹುಮಂದಿ ಕಠಿಣ ಹೃದಯದವರಲ್ಲ. ಕೇಳಬೇಕೆಂದು ಅವರಿಗೆ ಯಾರೂ ಕಲಿಸಲಿಲ್ಲ, ಅಷ್ಟೇ.

ಆ ದಡದಲ್ಲಿದ್ದ ಮುದುಕನ ಹತ್ತಿರ ಹುಡುಗರು ಹೋದ ಮೇಲೆ ನಾವು ಕೂತೆವು. ಮೊದಲು ಮಳೆಯ ಮಾತಾಡಿದೆವು. ಆ ಮೇಲೆ, “ಅಜ್ಜಾ, ನಿಮ್ಮ ಮನೆ ಯಾವ ಕಡೆಗಿತ್ತು?” ಎಂದು ಕೇಳಿದೆವು. ಅವನು ಬಹಳ ಹೊತ್ತು ಮಾತಾಡಿದನು: ಮನೆಯ ಹಿಂದಿದ್ದ ಹಲಸಿನ ಮರ, ಸಂತೆಯ ದಾರಿ, ಅಣ್ಣನ ಮದುವೆಯ ಚಪ್ಪರ. ಅವನು ನಮ್ಮಿಂದ ಏನನ್ನೂ ಬೇಡಲಿಲ್ಲ. ಏಳುವಾಗ ಮಾತ್ರ, ಕೆಳಗೆ ತೆಪ್ಪಗಳಿಂದ ಕೇಳಿಬರುತ್ತಿದ್ದ ಮಕ್ಕಳ ಕೂಗನ್ನು ಕೇಳಿ, “ಆಡಲಿ, ಮಕ್ಕಳು ಆಡಲಿ” ಅಂದನು. ವಾಚಕರೇ, ಮನೆಯವನು ಹೀಗೆ ಉದಾರವಾಗಿ ಬಾಗಲು ತೆರೆದಿರುವಾಗ, ಒಳಗೆ ಬಂದ ನಾವು ಮನೆಯವರೆಲ್ಲರೂ ಕ್ಷೇಮವೋ ಎಂದಾದರೂ ಕೇಳಬಾರದೇ?